ಕೌಂಟರಿನ ಆಚೆ ಏನು ನಡೆಯುತ್ತದೆ? ಸರ್ವಿಸ್ ಡಿಸೈನ್ ಅಪ್ರೆಂಟಿಸ್‌ಗಳ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್ ಆಗಿ ಸರ್ವಿಸ್ ಡಿಸೈನ್ ಕಲಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರಿಂದ, ಅವರ ಮನೆಯವರಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಮಗಳು ಎ-ಲೆವೆಲ್ ಮುಗಿಸಿ ಒಂದು ಸಂಸ್ಥೆಯಲ್ಲಿ ಡಿಗ್ರಿ ಅಪ್ರೆಂಟಿಸ್ ಆಗಿ ಸೇರಿದ್ದಾಳೆ. ಸರ್ವಿಸ್ ಡಿಸೈನ್ ತಂಡವಂತೆ. ಇದು ಓದೋ, ಕೆಲಸವೋ? ಸರ್ವಿಸ್ ಅನ್ನು ಡಿಸೈನ್ ಮಾಡುವುದೆಂದರೆ ಏನು?
— ಒಬ್ಬ ತಾಯಿ, ರೀಡಿಂಗ್

ಉತ್ತರ: ಎರಡೂ ಹೌದು. ಇಂಗ್ಲೆಂಡಿನಲ್ಲಿ 2015ರಲ್ಲಿ ಶುರುವಾದ ವ್ಯವಸ್ಥೆ ಇದು. ಮಗಳು ಮೊದಲು ಉದ್ಯೋಗಿ. ಸಂಬಳ ಬರುತ್ತದೆ, ಕೆಲಸದ ಜೊತೆಜೊತೆಗೇ ಯೂನಿವರ್ಸಿಟಿ ಓದು ನಡೆಯುತ್ತದೆ, ಕೊನೆಗೆ ಸಿಗುವುದು ಪೂರ್ಣ ಪದವಿ. ಬೋಧನಾ ಶುಲ್ಕ ಅವಳ ಮೇಲೆ ಬೀಳುವುದಿಲ್ಲ. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವ ಸಂಸ್ಥೆಗಳು 2017ರ ಏಪ್ರಿಲ್‌ನಿಂದ ಸಂಬಳದ ಮೊತ್ತದ ಶೇ 0.5ರಷ್ಟು ಅಪ್ರೆಂಟಿಸ್‌ಶಿಪ್ ಲೆವಿ ಎಂಬ ತೆರಿಗೆ ಕಟ್ಟುತ್ತಿವೆ. ಅಲ್ಲಿನ ಹಣ ಇಂಥ ಓದಿಗೆ ಬಳಕೆಯಾಗುತ್ತದೆ. ಅವಧಿ ಸಾಮಾನ್ಯವಾಗಿ ಮೂರರಿಂದ ಆರು ವರ್ಷ.

ಇನ್ನು ಎರಡನೆಯ ಪ್ರಶ್ನೆ. ಕುರ್ಚಿಯನ್ನು ಡಿಸೈನ್ ಮಾಡಿದರೆ ಕುರ್ಚಿ ಕಣ್ಣಿಗೆ ಕಾಣುತ್ತದೆ. ಪಾಸ್‌ಪೋರ್ಟ್ ನವೀಕರಣ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ವಿಮೆಯ ಕ್ಲೇಮು ಇವು ಹಾಗೆ ಕಾಣುವುದಿಲ್ಲ. ಇವು ಕಾಲದಲ್ಲಿ ನಡೆಯುವ ಸಂಗತಿಗಳು, ಹತ್ತಾರು ಕೈ ದಾಟಿ ಬರುತ್ತವೆ. ಆ ಇಡೀ ಸಾಗಾಟವನ್ನು ಕಾಗದದ ಮೇಲೆ ತಂದು, ಎಲ್ಲಿ ತಡವಾಗುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಹುಡುಕಿ ಸರಿಪಡಿಸುವುದೇ ಈ ಕೆಲಸ. ಅಮೆರಿಕದ ಬ್ಯಾಂಕ್ ಅಧಿಕಾರಿ ಲಿನ್ ಶೋಸ್ಟ್ಯಾಕ್ 1980ರ ದಶಕದ ಆರಂಭದಲ್ಲಿ ‘ಸರ್ವಿಸ್ ಬ್ಲೂಪ್ರಿಂಟ್’ ಎಂಬ ನಕ್ಷೆಯನ್ನು ಪರಿಚಯಿಸಿದರು. ಅವರು ಆರಿಸಿಕೊಂಡ ಉದಾಹರಣೆ ರಸ್ತೆ ಬದಿಯ ಬೂಟ್ ಪಾಲಿಶ್. ಧೂಳು ಒರೆಸಲು 30 ಸೆಕೆಂಡು, ಪಾಲಿಶ್ ಹಚ್ಚಲು 30, ತಿಕ್ಕಿ ಹೊಳಪು ತರಲು 45, ದುಡ್ಡು ಪಡೆಯಲು 15. ಒಟ್ಟು 2 ನಿಮಿಷ. ಗಿರಾಕಿಯ ತಾಳ್ಮೆಯ ಮಿತಿ 5 ನಿಮಿಷ. ತಪ್ಪುವ ಜಾಗ ಯಾವುದು? ಬೇರೆ ಬಣ್ಣದ ಪಾಲಿಶ್ ಹಚ್ಚುವುದು. ಇಷ್ಟು ಸಣ್ಣ ಕೆಲಸದಲ್ಲೂ ಸಮಯ, ಮಿತಿ, ತಪ್ಪುವ ಜಾಗ ಮೂರನ್ನೂ ಗುರುತಿಸಿದ್ದರು. ಮಗಳ ಮೇಜಿನ ಮೇಲಿರುವ ದೊಡ್ಡ ನಕ್ಷೆಯಲ್ಲೂ ಹುಡುಕುವುದು ಆ ಮೂರನ್ನೇ.

ಪ್ರಶ್ನೆ: ನಾನು ಕೌನ್ಸಿಲ್ ಒಂದರಲ್ಲಿ ಎರಡನೆಯ ವರ್ಷದ ಅಪ್ರೆಂಟಿಸ್. ಬ್ಲೂ ಬ್ಯಾಡ್ಜ್ ಅರ್ಜಿಯ ಬ್ಲೂಪ್ರಿಂಟ್ ಮಾಡಿದೆ. ‘ಇದು ವೆಬ್‌ಸೈಟ್ ಪುಟಗಳ ಪಟ್ಟಿ, ಬ್ಲೂಪ್ರಿಂಟ್ ಅಲ್ಲ’ ಎಂದು ಮೆಂಟರ್ ವಾಪಸ್ ಕೊಟ್ಟರು. ಎಲ್ಲಿ ಎಡವಿದೆ?
— ಅಪ್ರೆಂಟಿಸ್, ಮ್ಯಾಂಚೆಸ್ಟರ್

ಉತ್ತರ: ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಪರದೆ ಕಾಣುತ್ತದೆ, ಆದ್ದರಿಂದ ಪರದೆಯನ್ನೇ ಬರೆಯುತ್ತೇವೆ. ಅರ್ಜಿದಾರರ ಗೋಳು ಇರುವುದು ಎರಡು ಪರದೆಗಳ ನಡುವಿನ ಮೂರು ವಾರದಲ್ಲಿ.

ಇತರ ಓದುಗರಿಗಾಗಿ ಎರಡು ಮಾತು: ಅಂಗವೈಕಲ್ಯ ಅಥವಾ ಆರೋಗ್ಯದ ಕಾರಣಕ್ಕೆ ನಡೆದಾಡಲು ಕಷ್ಟವಿರುವವರು ಹತ್ತಿರದಲ್ಲೇ ಕಾರು ನಿಲ್ಲಿಸಲು ಅನುವಾಗಲೆಂದು ಸ್ಥಳೀಯ ಕೌನ್ಸಿಲ್ ಕೊಡುವ ಪರವಾನಗಿಯೇ ಬ್ಲೂ ಬ್ಯಾಡ್ಜ್. ಇಂಗ್ಲೆಂಡಿನಲ್ಲಿ ಇದಕ್ಕೆ ಹೆಚ್ಚೆಂದರೆ 10 ಪೌಂಡ್ ಶುಲ್ಕ, ಸಾಮಾನ್ಯವಾಗಿ ಮೂರು ವರ್ಷದವರೆಗೆ ಸಿಂಧು. ಅರ್ಜಿ ಸರ್ಕಾರಿ ಜಾಲತಾಣದಲ್ಲಿ ಹಾಕಬಹುದು, ತೀರ್ಮಾನ ಮಾತ್ರ ಕೌನ್ಸಿಲ್‌ನದು.

ಈಗ ನಕ್ಷೆಗೆ ಬರೋಣ. ಒಬ್ಬರೇ ವ್ಯಕ್ತಿ, ಒಂದೇ ಸಂದರ್ಭ ಆರಿಸಿಕೊಳ್ಳಿ. ‘ಎಲ್ಲ ಅರ್ಜಿದಾರರು’ ಎಂದು ಹೊರಟರೆ ನಕ್ಷೆ ಯಾರದ್ದೂ ಆಗುವುದಿಲ್ಲ. ಉದಾಹರಣೆಗೆ, ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆ ಇರುವವರಿಗೆ ಸರ್ಕಾರ ಕೊಡುವ ಪಿಐಪಿ ಭತ್ಯೆಯ ನಡೆದಾಟದ ಭಾಗದಲ್ಲಿ 8 ಅಥವಾ ಹೆಚ್ಚು ಅಂಕ ಪಡೆದವರಿಗೆ ಬ್ಯಾಡ್ಜಿನ ಅರ್ಹತೆ ತಾನಾಗಿಯೇ ಬರುತ್ತದೆ, ಉಳಿದ ಹಲವರು ಇನ್ನಷ್ಟು ಪರಿಶೀಲನೆ ದಾಟಬೇಕು. ಹೊರಗಿನಿಂದ ಅರ್ಜಿ ಒಂದೇ, ಒಳಗಿನ ದಾರಿ ಎರಡು. ಹಾಗಾಗಿ ನಕ್ಷೆಯೂ ಎರಡು ಬೇಕು.

ನಕ್ಷೆಗೆ ಐದು ಅಡ್ಡ ಸಾಲು. ಮೇಲಿನದು ಕೈಗೆ, ಕಣ್ಣಿಗೆ ಸಿಗುವ ವಸ್ತುಗಳದು: ಪತ್ರ, ಇಮೇಲ್, ಬ್ಯಾಡ್ಜ್. ಅದರ ಕೆಳಗೆ ಅರ್ಜಿದಾರರು ಮಾಡುವ ಕೆಲಸ. ಮೂರನೆಯದರಲ್ಲಿ ಅವರಿಗೆ ಕಾಣುವಂತೆ ಸಿಬ್ಬಂದಿ ಮಾಡುವುದು, ನಾಲ್ಕನೆಯದರಲ್ಲಿ ಅವರಿಗೆ ಕಾಣದಂತೆ ಮಾಡುವುದು, ಕೊನೆಯದರಲ್ಲಿ ಇದನ್ನೆಲ್ಲ ಹೊತ್ತು ನಿಂತಿರುವ ಕಂಪ್ಯೂಟರ್ ವ್ಯವಸ್ಥೆ, ಹೊರಗಿನ ಗುತ್ತಿಗೆದಾರರು, ನಿಯಮಗಳು. ಎರಡನೆಯ ಮತ್ತು ಮೂರನೆಯ ಸಾಲಿನ ನಡುವಿನ ಗೆರೆ ಮುಖಾಮುಖಿಯದು. ಮೂರು–ನಾಲ್ಕರ ನಡುವಿನದು ಕಾಣುವಿಕೆಯ ಗೆರೆ, ನಾಲ್ಕು–ಐದರ ನಡುವಿನದು ಒಳವ್ಯವಹಾರದ ಗೆರೆ. ನಿಮ್ಮ ನಕ್ಷೆಯಲ್ಲಿ ಮೇಲಿನ ಎರಡು ಸಾಲಷ್ಟೇ ತುಂಬಿತ್ತೆಂದು ಕಾಣುತ್ತದೆ.

ಉದ್ದಕ್ಕೆ 12ರಿಂದ 18 ಕಂಬ ಸಾಕು, ಒಂದೊಂದು ಕಂಬ ಒಂದೊಂದು ಹಂತ. 20 ದಾಟಿದರೆ ಗೋಡೆಯ ಮುಂದೆ ನಿಂತವರು ಓದುವುದನ್ನೇ ಬಿಡುತ್ತಾರೆ. ಆಗ ನಕ್ಷೆಯನ್ನು ಎರಡು ಭಾಗ ಮಾಡಿ. ಕಂಬದ ತಲೆಬರಹ ಇಲಾಖೆಯ ಹೆಸರಾಗಬಾರದು. ‘ಫೋಟೊ ತೆಗೆಸುತ್ತಾರೆ’, ‘ಉತ್ತರಕ್ಕೆ ಕಾಯುತ್ತಾರೆ’ ಎಂದು ಕ್ರಿಯಾಪದದಲ್ಲಿ ಬರೆಯಿರಿ.

‘ಕಾಯುತ್ತಾರೆ’ ಎಂಬ ಕಂಬವನ್ನು ಬೇಕೆಂದೇ ಸೇರಿಸಿದ್ದೇವೆ. ಕಾಯುವಾಗ ಯಾರೂ ಏನೂ ಮಾಡುತ್ತಿರುವುದಿಲ್ಲ, ಅದಕ್ಕೇ ಅದು ನಕ್ಷೆಯಿಂದ ಬಿಟ್ಟುಹೋಗುತ್ತದೆ. ಪ್ರತಿ ಕಾಯುವಿಕೆಗೂ ತನ್ನದೇ ಕಂಬ ಕೊಡಿ, ಎಷ್ಟು ದಿನ ಎಂದು ಬರೆಯಿರಿ, ಆ ದಿನಗಳಲ್ಲಿ ಅರ್ಜಿ ಯಾರ ಮೇಜಿನ ಮೇಲಿದೆ ಎಂದೂ ಬರೆಯಿರಿ. ‘ಯಾರ ಮೇಜಿನ ಮೇಲೂ ಇಲ್ಲ’ ಎಂಬ ಉತ್ತರ ಬಂದರೆ ಗೆದ್ದಿರಿ. ಸರಿಪಡಿಸಬೇಕಾದ ಜಾಗ ಸಿಕ್ಕಿದೆ.

ಕೆಳಗಿನ ಮೂರು ಸಾಲನ್ನು ಊಹಿಸಿ ತುಂಬಬೇಡಿ. ಅರ್ಜಿ ಪರಿಶೀಲಿಸುವವರ ಪಕ್ಕ ಅರ್ಧ ದಿನ ಕುಳಿತು ನೋಡಿ. ಕನಿಷ್ಠ ಹತ್ತು ಅರ್ಜಿ ಅವರ ಕೈ ದಾಟುವುದನ್ನು ನೋಡಿ. ಅವರು ತಮಗಾಗಿ ಇಟ್ಟುಕೊಂಡ ಎಕ್ಸೆಲ್ ಹಾಳೆ, ಮಾನಿಟರ್‌ಗೆ ಅಂಟಿಸಿದ ಚೀಟಿ, ನೋಟ್‌ಬುಕ್ಕಿನ ಪಟ್ಟಿ ಇವೆಲ್ಲವನ್ನೂ ಗುರುತು ಹಾಕಿಕೊಳ್ಳಿ. ಅಧಿಕೃತ ವ್ಯವಸ್ಥೆ ಎಲ್ಲಿ ಕೈಕೊಟ್ಟಿದೆಯೋ ಅಲ್ಲಿ ಇಂಥ ಚೀಟಿ ಹುಟ್ಟಿಕೊಳ್ಳುತ್ತದೆ. ಗೊತ್ತಿಲ್ಲದ ಕೋಶದಲ್ಲಿ ಪ್ರಶ್ನೆಚಿಹ್ನೆಯ ಹಳದಿ ಚೀಟಿ ಅಂಟಿಸಿ, ಖಾಲಿ ಬಿಡಬೇಡಿ. ಖಾಲಿ ಕೋಶವನ್ನು ನೋಡಿದವರು ‘ಇಲ್ಲಿ ಏನೂ ನಡೆಯುವುದಿಲ್ಲ’ ಎಂದೇ ತಿಳಿಯುತ್ತಾರೆ.

ಕೊನೆಯ ಎರಡು ಎಚ್ಚರಿಕೆ. ಈಗ ಇರುವುದನ್ನೂ ಮುಂದೆ ಇರಬೇಕಾದ್ದನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಸಿಬ್ಬಂದಿ ಅದನ್ನು ನೋಡಿ ‘ನಾವು ಹೀಗೆ ಮಾಡುವುದೇ ಇಲ್ಲವಲ್ಲ’ ಎಂದರೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ. ಮತ್ತೊಂದು, ಫೋನ್ ಕರೆಗಳು. ‘ನನ್ನ ಅರ್ಜಿ ಎಲ್ಲಿಗೆ ಬಂತು?’ ಎಂದು ಬರುವ ಕರೆ ಹೊಸ ಕೆಲಸವಲ್ಲ, ಹಳೆಯ ಕೆಲಸ ಸರಿಯಾಗಿ ಆಗದ್ದರ ಫಲ. ಬ್ರಿಟನ್ನಿನ ಜಾನ್ ಸೆಡನ್ ಇದನ್ನು ‘ಫೇಲ್ಯೂರ್ ಡಿಮ್ಯಾಂಡ್’ ಎಂದು ಕರೆದರು. ಒಂದು ದಿನ ಕಾಲ್ ಸೆಂಟರ್‌ನಲ್ಲಿ ಕುಳಿತು ಸತತ 50 ಕರೆಗೆ ಎರಡು ಬಣ್ಣದ ಗೀಟು ಹಾಕಿ: ಒಂದು ಹೊಸ ಬೇಡಿಕೆಗೆ, ಇನ್ನೊಂದು ಇಂಥದ್ದಕ್ಕೆ. ಆ ಎಣಿಕೆಯನ್ನು ನಕ್ಷೆಯ ಆಯಾ ಕಂಬದ ಕೆಳಗೆ ಬರೆದರೆ ಮೆಂಟರ್ ಮತ್ತೆ ವಾಪಸ್ ಕೊಡಲಾರರು.

ಪ್ರಶ್ನೆ: ‘ಫೋಟೊ ಸರಿಯಿಲ್ಲವೆಂದು ಅರ್ಜಿ ವಾಪಸ್ ಹೋಗುತ್ತಿದೆ, ಜನ ಬೇಸತ್ತಿದ್ದಾರೆ’ ಎಂದರೆ ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಪ್ಪಿಸುವುದು ಹೇಗೆ?

ಉತ್ತರ: ಬೇಸರವನ್ನು ಸಾಲಿನ ಉದ್ದಕ್ಕೆ ತಿರುಗಿಸಿ ತೋರಿಸಿ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ನಿಯಮ ಸರಳ: ಸಾಲಿನಲ್ಲಿರುವ ಅರ್ಜಿಗಳ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಅರ್ಜಿಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ದಿನ ಸಿಗುತ್ತದೆ. 600 ಅರ್ಜಿ ಬಾಕಿ, ದಿನಕ್ಕೆ 40 ಮುಗಿಯುತ್ತವೆ ಎಂದರೆ 15 ಕೆಲಸದ ದಿನ. ಬರುವ ಮತ್ತು ಮುಗಿಯುವ ವೇಗ ಹೆಚ್ಚುಕಡಿಮೆ ಸಮ ಇರುವಾಗ ಈ ಲೆಕ್ಕ ನಿಲ್ಲುತ್ತದೆ.

ಈಗ ಫೋಟೊ. ಒಂದು ಮಾದರಿ ಲೆಕ್ಕ ಹಾಕೋಣ. ದಿನಕ್ಕೆ 40 ಹೊಸ ಅರ್ಜಿ ಬರುತ್ತವೆ. ಅದರಲ್ಲಿ 12 ವಾಪಸ್ ಹೋಗಿ ಇನ್ನೊಮ್ಮೆ ಬರುತ್ತವೆ. ಸಿಬ್ಬಂದಿ ನೋಡಬೇಕಾದ್ದು ದಿನಕ್ಕೆ 52. ತಂಡಕ್ಕೆ 44 ನೋಡುವ ಶಕ್ತಿಯಿದ್ದರೆ ದಿನಕ್ಕೆ 8 ಉಳಿಯುತ್ತವೆ, 20 ಕೆಲಸದ ದಿನಕ್ಕೆ 160. ಯಾರೂ ಸೋಮಾರಿಯಲ್ಲ, ಆದರೂ ಸಾಲು ಬೆಳೆಯುತ್ತದೆ. ವಾಪಸ್ ಹೋಗುವುದನ್ನು 12ರಿಂದ 4ಕ್ಕೆ ಇಳಿಸಿದರೆ ಹೊರೆ ಸರಿಯಾಗಿ 44. ಸಾಲು ಬೆಳೆಯುವುದು ನಿಲ್ಲುತ್ತದೆ. ಆದರೆ ಕರಗುವುದಿಲ್ಲ, ಹಳೆಯ ಬಾಕಿಗೆ ಬೇರೆ ಉಪಾಯ ಬೇಕು. ಈ ಕೊನೆಯ ಮಾತನ್ನು ನೀವೇ ಮೊದಲು ಹೇಳಿಬಿಡಿ. ಮುಚ್ಚಿಟ್ಟರೆ ಮುಂದಿನ ತಿಂಗಳು ಅದೇ ಮ್ಯಾನೇಜರ್ ‘ಇನ್ನೂ ಬಾಕಿ ಹಾಗೇ ಇದೆಯಲ್ಲ’ ಎಂದು ಕೇಳುತ್ತಾರೆ. ನಮ್ಮ ಅಂಕಿ ಬಿಟ್ಟು ನಿಮ್ಮ ತಂಡದ ಎರಡು ವಾರದ ನಿಜವಾದ ಅಂಕಿ ಹಾಕಿ ಲೆಕ್ಕ ಮಾಡಿ.

ಪ್ರಶ್ನೆ: ಐದು ಬಳಕೆದಾರರನ್ನು ಕೇಳಿದರೆ ಸಾಕು ಎನ್ನುತ್ತಾರೆ. ನಿಜವೇ?
— ಅಪ್ರೆಂಟಿಸ್, ಬ್ರಿಸ್ಟಲ್

ಉತ್ತರ: ಆ ಮಾತು ಪರದೆ ಬಳಸಲು ಸುಲಭವೇ ಎಂದು ನೋಡುವ ಪರೀಕ್ಷೆಗೆ ಸೇರಿದ್ದು. ಒಂದು ದೋಷ ಒಬ್ಬ ಬಳಕೆದಾರನಿಗೆ ಎದುರಾಗುವ ಸಂಭವ ಶೇ 31 ಎಂದು ಇಟ್ಟುಕೊಂಡರೆ, ಐವರಲ್ಲಿ ಒಬ್ಬರಿಗಾದರೂ ಅದು ಎದುರಾಗುವ ಸಂಭವ ಸುಮಾರು ಶೇ 84. ಅಪರೂಪದ ದೋಷಕ್ಕೆ, ಹತ್ತರಲ್ಲಿ ಒಬ್ಬರಿಗೆ ಮಾತ್ರ ಆಗುವಂಥದ್ದಕ್ಕೆ, ಅದೇ ಐವರನ್ನು ಕೂರಿಸಿದರೆ ಸಿಕ್ಕಿಬೀಳುವ ಸಂಭವ ಶೇ 41ಕ್ಕೆ ಇಳಿಯುತ್ತದೆ. ಸಂಖ್ಯೆಯನ್ನು ಮಂತ್ರದಂತೆ ಜಪಿಸಬಾರದು ಎನ್ನುವುದು ಇದಕ್ಕೇ.

ಇಡೀ ಸೇವೆಯ ಅಧ್ಯಯನದಲ್ಲಿ ಒಟ್ಟು ಎಷ್ಟು ಜನ ಎನ್ನುವುದಕ್ಕಿಂತ ಯಾವ ಯಾವ ಬಗೆಯವರು ಎನ್ನುವುದು ಮುಖ್ಯ. ಪ್ರತಿ ಬಗೆಯಿಂದ ನಾಲ್ಕೈದು ಮಂದಿ ಇರಲಿ: ತಾವೇ ಆನ್‌ಲೈನ್ ಅರ್ಜಿ ಹಾಕಿದವರು, ಮಗನೋ ಮಗಳೋ ಹಾಕಿಕೊಟ್ಟವರು, ಅರ್ಧಕ್ಕೆ ಬಿಟ್ಟವರು, ತಿರಸ್ಕಾರ ಬಂದವರು. ಕೊನೆಯ ಎರಡು ಬಗೆಯವರನ್ನು ಹುಡುಕುವುದು ಕಷ್ಟ. ಕಷ್ಟವೆಂದು ಬಿಟ್ಟರೆ ಗೆದ್ದವರ ಕಥೆ ಮಾತ್ರ ಕೈಯಲ್ಲಿ ಉಳಿಯುತ್ತದೆ. ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಎಲ್ಲ ಬಗೆಯಲ್ಲೂ ಇರಲಿ, ಅವರನ್ನು ಕೊನೆಗೆ ಸೇರಿಸುವ ಪ್ರತ್ಯೇಕ ಗುಂಪು ಮಾಡಬೇಡಿ. ಸಾರ್ವಜನಿಕ ಸಂಸ್ಥೆಗಳ ಜಾಲತಾಣ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವುದು ಬ್ರಿಟನ್ನಿನಲ್ಲಿ 2018ರ ನಿಯಮ, ಇಚ್ಛೆಗೆ ಬಿಟ್ಟ ವಿಷಯವಲ್ಲ.

ಮಾತುಕತೆಗೆ 45 ನಿಮಿಷ ಸಾಕು. ಕೇಳುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು. ನಿಮ್ಮ ಕಡೆಯ ಮೂರನೆಯವರು ಕೋಣೆಯಲ್ಲಿದ್ದರೆ ಅದು ವಿಚಾರಣೆಯಂತೆ ಅನಿಸಲು ಶುರುವಾಗುತ್ತದೆ. ‘ಇಂಥ ಸೌಲಭ್ಯ ಇದ್ದರೆ ಬಳಸುತ್ತೀರಾ?’ ಎಂದು ಕೇಳಬೇಡಿ, ಜನ ನಿಮ್ಮ ಮುಖ ನೋಡಿ ಹೌದು ಎನ್ನುತ್ತಾರೆ. ‘ಕಳೆದ ಸಲ ಅರ್ಜಿ ಹಾಕಿದ ದಿನ ಮೊದಲು ಏನು ಮಾಡಿದಿರಿ? ಆಮೇಲೆ?’ ಎಂದು ಕೇಳಿ. ಉತ್ತರ ನಿಂತ ಮೇಲೂ ಐದು ಸೆಕೆಂಡು ಸುಮ್ಮನಿರಿ. ಬಹಳಷ್ಟು ಸಲ ಅಸಲಿ ಮಾತು ಆ ಮೌನದ ನಂತರ ಬರುತ್ತದೆ. ಒಪ್ಪಿಗೆಯನ್ನು ಶುರುವಿಗೇ ಪಡೆಯಿರಿ, ಟಿಪ್ಪಣಿಯಲ್ಲಿ ಹೆಸರಿನ ಬದಲು ಸಂಕೇತ ಬರೆಯಿರಿ, ರೆಕಾರ್ಡಿಂಗ್ ಯಾವ ದಿನ ಅಳಿಸುತ್ತೀರಿ ಎಂದು ಅವರಿಗೆ ಹೇಳಿ. ಹೇಳಿದ ದಿನವೇ ಅಳಿಸಿ.

ಪ್ರಶ್ನೆ: ನಕ್ಷೆ ಬಿಡಿಸುವ ಫಿಗ್ಮಾ, ಮಿರೋ ತಂತ್ರಾಂಶಗಳನ್ನು ಎಷ್ಟು ಕಲಿಯಬೇಕು?

ಉತ್ತರ: ಒಂದು ವಾರದಷ್ಟು. ಚೆಂದದ ನಕ್ಷೆಯಲ್ಲಿ ಊಹೆ ತುಂಬಿದ್ದರೆ ಮೇಲೆ ಥಳುಕು ಒಳಗೆ ಹುಳುಕು. ಉಳಿಸಿದ ಸಮಯದಲ್ಲಿ ಸ್ಪ್ರೆಡ್‌ಶೀಟಿನ ಪಿವಟ್ ಟೇಬಲ್ ಕಲಿಯಿರಿ, ಅಂಕಿಗಳನ್ನು ಗುಂಪು ಮಾಡಿ ಲೆಕ್ಕ ಕೊಡುವ ಸಾಧನ ಅದು. ಕಾಯುವ ದಿನಗಳ ಲೆಕ್ಕ ಅಲ್ಲೇ ಸಿಗುವುದು.

ಪ್ರಶ್ನೆ: ನನ್ನ ಬ್ಯಾಚಿನಲ್ಲಿ ಎಂಟು ಅಪ್ರೆಂಟಿಸ್‌ಗಳಿದ್ದೇವೆ. ನನಗೆ ಒಳ್ಳೆಯ ಅಂಕ ಬರುತ್ತಿದೆ. ಉಳಿದವರು ‘ನಿನ್ನ ಅಸೈನ್‌ಮೆಂಟ್ ಒಮ್ಮೆ ಕಳಿಸು, ಮಾದರಿಗೆ’ ಎಂದು ಕೇಳುತ್ತಾರೆ. ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ, ಕಳಿಸಲು ಭಯ. ಅವರಿಗೆ ನಿಜವಾಗಿ ನೆರವಾಗುವುದು ಹೇಗೆ?
— ಅಪ್ರೆಂಟಿಸ್, ಲೀಡ್ಸ್

ಉತ್ತರ: ಭಯ ಸರಿಯಾದದ್ದೇ. ಬರೆದು ಮುಗಿಸಿದ ಅಸೈನ್‌ಮೆಂಟ್ ಕಳಿಸಬೇಡಿ. ಸಾಲುಗಳು ಹೋಲಿದರೆ ಕೊಟ್ಟವರೂ ತೆಗೆದುಕೊಂಡವರೂ ಇಬ್ಬರೂ ಯೂನಿವರ್ಸಿಟಿಯ ಮುಂದೆ ಉತ್ತರ ಕೊಡಬೇಕಾಗುತ್ತದೆ. ಸಾಲದ್ದಕ್ಕೆ ಅದರಲ್ಲಿ ನಿಮ್ಮ ಸಂಸ್ಥೆಯ ಒಳಮಾಹಿತಿ, ಸಂದರ್ಶನ ಕೊಟ್ಟವರ ಮಾತು ಇರುತ್ತದೆ. ಅದನ್ನು ಹಂಚುವ ಹಕ್ಕು ನಿಮಗಿಲ್ಲ.

ಕೊಡಬಹುದಾದ್ದು ಬೇಕಾದಷ್ಟಿದೆ. ಖಾಲಿ ಬ್ಲೂಪ್ರಿಂಟ್ ಹಾಳೆ, ಒಪ್ಪಿಗೆ ಪತ್ರದ ಖಾಲಿ ನಮೂನೆ, ಸಂದರ್ಶನದ ಪ್ರಶ್ನೆಪಟ್ಟಿ, ಉಪಯೋಗಕ್ಕೆ ಬಂದ ಪುಸ್ತಕಗಳ ಪಟ್ಟಿ ಇವೆಲ್ಲ ಒಂದು ಹಂಚಿಕೆಯ ಫೋಲ್ಡರ್‌ನಲ್ಲಿರಲಿ. ಹೊಸ ಬ್ಯಾಚಿನವರಿಗೆ ಒಂದು ಪುಟದ ಮೊದಲ ವಾರದ ಚೀಟಿ ಮಾಡಿಕೊಡಿ: ಯಾರ ಹತ್ತಿರ ಏನು ಕೇಳಬೇಕು, ಓದಿನ ಗಂಟೆಗಳನ್ನು ಎಲ್ಲಿ ದಾಖಲಿಸಬೇಕು, ಯಾವ ಸಂಕ್ಷೇಪಾಕ್ಷರಕ್ಕೆ ಏನರ್ಥ. ಮೊದಲ ತಿಂಗಳಲ್ಲಿ ಹೊಸಬರನ್ನು ಕಾಡುವುದು ಸಿದ್ಧಾಂತವಲ್ಲ, ಮೀಟಿಂಗಿನಲ್ಲಿ ಹಾರಾಡುವ ಆ ಅಕ್ಷರಗಳು.

ಇದಕ್ಕಿಂತ ಹೆಚ್ಚು ಫಲ ಕೊಡುವುದು ಎರಡು ವಾರಕ್ಕೊಮ್ಮೆ ಕೂರುವ ಕೂಟ. ಬ್ರಿಟನ್ನಿನ ರೆಗ್ ರೆವನ್ಸ್ ಕಟ್ಟಿದ ‘ಆ್ಯಕ್ಷನ್ ಲರ್ನಿಂಗ್’ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಂಟು ಜನರನ್ನು ನಾಲ್ಕರಂತೆ ಎರಡು ಗುಂಪು ಮಾಡಿ. 75 ನಿಮಿಷದಲ್ಲಿ ಇಬ್ಬರಿಗೆ ಮಾತ್ರ ಸರದಿ, ಒಬ್ಬೊಬ್ಬರಿಗೆ 30 ನಿಮಿಷ. ಸರದಿಯವರು 5 ನಿಮಿಷ ತಮ್ಮ ಕೆಲಸದ ಸಿಕ್ಕು ಹೇಳುತ್ತಾರೆ. ಮುಂದಿನ 15 ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಕೊಡುವಂತಿಲ್ಲ. ‘ನೀನು ಹೀಗೆ ಮಾಡಬಹುದಲ್ಲವಾ?’ ಎನ್ನುವುದು ಪ್ರಶ್ನೆಯ ವೇಷ ಹಾಕಿದ ಸಲಹೆ, ಅದಕ್ಕೂ ತಡೆ. ‘ಆ ತೀರ್ಮಾನ ಯಾರದು?’, ‘ಅದನ್ನು ನೀನೇ ನೋಡಿದ್ದೋ, ಯಾರೋ ಹೇಳಿದ್ದೋ?’ ಇವು ನಿಜವಾದ ಪ್ರಶ್ನೆಗಳು. ಆಮೇಲೆ 5 ನಿಮಿಷ ಸಲಹೆ. ಕೊನೆಯ 5 ನಿಮಿಷದಲ್ಲಿ ಸರದಿಯವರು ಮುಂದಿನ ಕೂಟದೊಳಗೆ ಮಾಡುವ ಒಂದು ಕೆಲಸ ಹೇಳಿ ಬರೆಸುತ್ತಾರೆ. ಮಿಕ್ಕ 15 ನಿಮಿಷ ಹೋದ ಸಲ ಬರೆಸಿದ್ದು ಏನಾಯಿತು ಎಂದು ಕೇಳಲು.

ಈ ಕೂಟ ಕೆಡುವ ದಾರಿಗಳೂ ಗೊತ್ತಿರಲಿ. ಬಲ್ಲವರೊಬ್ಬರೇ ಮಾತಾಡಿ ಉಳಿದವರು ಹೂಂಗುಟ್ಟುವುದು ಮೊದಲನೆಯದು, ನಿಮ್ಮ ಗುಂಪಿನಲ್ಲಿ ಆ ಬಲ್ಲವರು ನೀವೇ. ಆದ್ದರಿಂದ ಗಡಿಯಾರ ನೋಡುವ ಕೆಲಸ ನೀವು ಇಟ್ಟುಕೊಳ್ಳಿ, ಮಾತಿನಲ್ಲಿ ಕೊನೆಯವರಾಗಿ. ಮ್ಯಾನೇಜರ್‌ಗಳ ಮೇಲಿನ ದೂರಿನ ಕಟ್ಟೆಯಾಗಿ ಕೂಟ ತಿರುಗುವುದು ಎರಡನೆಯದು. ‘ಮುಂದಿನ ಒಂದು ಕೆಲಸ’ದ ನಿಯಮ ಅದನ್ನು ಸಾಕಷ್ಟು ತಡೆಯುತ್ತದೆ. ಮೂರನೆಯದು ನಿಮ್ಮ ದಣಿವು. ರಾತ್ರಿ ಹತ್ತಕ್ಕೆ ಬರುವ ‘ಇದೊಂದು ನೋಡಿಕೊಡು’ ಎಂಬ ಸಂದೇಶಗಳು ಸೇರಿ ನೀವು ಸಂಬಳವಿಲ್ಲದ ಎರಡನೆಯ ಮೆಂಟರ್ ಆಗಿಬಿಡುತ್ತೀರಿ. ವಾರಕ್ಕೆ ಎರಡು ಗಂಟೆ ಎಂದು ಮಿತಿ ಹಾಕಿ, ಅದನ್ನು ಲೈನ್ ಮ್ಯಾನೇಜರ್‌ಗೆ ತಿಳಿಸಿ, ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಒಬ್ಬರ ಕರಡು ನೋಡಿಕೊಡಲೇಬೇಕಾದಾಗ ಪೆನ್ನು ಹಿಡಿಯಬೇಡಿ. ಅವರೇ ಗಟ್ಟಿಯಾಗಿ ಓದಲಿ. ಅರ್ಥವಾಗದ ಜಾಗದಲ್ಲಿ ‘ಇಲ್ಲಿ ಕಳೆದುಹೋದೆ’ ಎಂದಷ್ಟೇ ಹೇಳಿ. ತಿದ್ದುವ ವಾಕ್ಯ ಅವರದೇ ಆಗಿರಬೇಕು.

ಪ್ರಶ್ನೆ: ಪೋರ್ಟ್‌ಫೋಲಿಯೊದಲ್ಲಿ ‘ನಾವು ಮಾಡಿದೆವು’ ಎಂದು ಬರೆದದ್ದಕ್ಕೆ ಮೆಂಟರ್ ಆಕ್ಷೇಪಿಸಿದರು. ‘ನಾನು’ ಎನ್ನುವುದು ಜಂಬವಲ್ಲವೇ?

ಉತ್ತರ: ಅಲ್ಲ. ಕೊನೆಯ ಮೌಲ್ಯಮಾಪನದಲ್ಲಿ ಅಳೆಯುವುದು ನಿಮ್ಮ ಜ್ಞಾನ, ಕೌಶಲ, ನಡವಳಿಕೆಯನ್ನು, ತಂಡದ್ದನ್ನಲ್ಲ. ‘ತಂಡ ಆರು ಜನರದು. 11 ಸಂದರ್ಶನಗಳಲ್ಲಿ 4 ನಾನು ಮಾಡಿದೆ. ಕಾಯುವ ಕಂಬಗಳನ್ನು ಬೇರೆಯಾಗಿ ತೋರಿಸಬೇಕೆಂದು ಸೂಚಿಸಿದ್ದು ನಾನು. ಹೊಸ ಪತ್ರದ ಭಾಷೆ ಸಹೋದ್ಯೋಗಿಯದು’ ಎಂದು ಬರೆಯಿರಿ. ಇತರರ ಪಾಲನ್ನು ಹೆಸರಿಸಿದಾಗ ನಿಮ್ಮ ಪಾಲಿಗೆ ತೂಕ ಬರುತ್ತದೆ. ಸಹ ಅಪ್ರೆಂಟಿಸ್‌ಗಳಿಗೆ ಕೊಟ್ಟ ನೆರವನ್ನೂ ನಡವಳಿಕೆಯ ಪುರಾವೆಯಾಗಿ ಸೇರಿಸಿ. ‘ಎಲ್ಲರಿಗೂ ಸಹಾಯ ಮಾಡುತ್ತೇನೆ’ ಎಂಬ ಸಾಲು ಬೇಡ. ಕೂಟದ ದಿನಾಂಕ, ನಿಯಮದ ಹಾಳೆ, ಅದರಿಂದ ಬದಲಾದ ಒಂದು ಸಂಗತಿ, ಇಷ್ಟು ಸಾಕು.

ಪ್ರಶ್ನೆ: ಜೊತೆಯ ಅಪ್ರೆಂಟಿಸ್ ಒಬ್ಬ ಓದು ಬಿಡುವ ಯೋಚನೆಯಲ್ಲಿದ್ದಾನೆ. ಕೆಲಸದ ಒತ್ತಡದಲ್ಲಿ ಓದಲು ಸಮಯವೇ ಸಿಗುತ್ತಿಲ್ಲವಂತೆ. ನಾನೇನು ಮಾಡಬಹುದು?

ಉತ್ತರ: ಮೊದಲು ಅವನ ಜೊತೆ ಕುಳಿತು ಕಳೆದ ನಾಲ್ಕು ವಾರದ ಕ್ಯಾಲೆಂಡರ್ ತೆರೆಯಿರಿ. ಓದಿನ ಸಮಯ ಕೃಪೆಯಿಂದ ಸಿಗುವಂಥದ್ದಲ್ಲ, ಅಪ್ರೆಂಟಿಸ್‌ಶಿಪ್‌ನ ಷರತ್ತು. 2022ರ ಆಗಸ್ಟ್‌ನಿಂದ ಸೇರಿದ ಪೂರ್ಣಾವಧಿ ಅಪ್ರೆಂಟಿಸ್‌ಗಳಿಗೆ ವಾರಕ್ಕೆ ಸರಾಸರಿ ಕನಿಷ್ಠ 6 ಗಂಟೆ ಇತ್ತು; 2025ರ ಆಗಸ್ಟ್‌ನಿಂದ ಸೇರುವವರಿಗೆ ಆಯಾ ಅಪ್ರೆಂಟಿಸ್‌ಶಿಪ್‌ಗೆ ಇಷ್ಟು ಗಂಟೆ ಎಂದು ಒಟ್ಟು ಮೊತ್ತ ನಿಗದಿಯಾಗಿದೆ. ಅದು ಸಂಬಳದ ಗಂಟೆಗಳೊಳಗೇ ಸಿಗಬೇಕು. ಅವನ ತರಬೇತಿ ಒಪ್ಪಂದದಲ್ಲಿ ಬರೆದ ಸಂಖ್ಯೆಯನ್ನೂ ಕ್ಯಾಲೆಂಡರಿನಲ್ಲಿ ನಿಜವಾಗಿ ಸಿಕ್ಕಿದ್ದನ್ನೂ ಅಕ್ಕಪಕ್ಕ ಬರೆಯಿಸಿ.

ಆ ಹಾಳೆ ಹಿಡಿದು ಅವನೇ ಲೈನ್ ಮ್ಯಾನೇಜರ್ ಹತ್ತಿರ ಹೋಗಲಿ. ನೀವು ಅವನ ಪರವಾಗಿ ಮಾತಾಡಲು ಹೋಗಬೇಡಿ. ಅಲ್ಲಿ ಸರಿಹೋಗದಿದ್ದರೆ ಮ್ಯಾನೇಜರ್, ಯೂನಿವರ್ಸಿಟಿಯವರು, ಅಪ್ರೆಂಟಿಸ್ ಮೂವರೂ ಕೂರುವ ಪ್ರಗತಿ ಸಭೆ ಸಾಮಾನ್ಯವಾಗಿ 12 ವಾರಕ್ಕೊಮ್ಮೆ ನಡೆಯುತ್ತದೆ. ಅದನ್ನು ಬೇಗ ಕರೆಯಲು ಕೇಳಬಹುದು. ಕಾಯಿಲೆ ಅಥವಾ ಮನೆಯ ತೊಂದರೆ ಕಾರಣವಾಗಿದ್ದರೆ ಬಿಡುವ ಮೊದಲು ‘ಬ್ರೇಕ್ ಇನ್ ಲರ್ನಿಂಗ್’ ಬಗ್ಗೆ ಕೇಳಲಿ. ಓದು ಕೆಲಕಾಲ ನಿಲ್ಲುತ್ತದೆ, ಮುಗಿಯುವ ದಿನಾಂಕ ಮುಂದೆ ಹೋಗುತ್ತದೆ, ಈವರೆಗೆ ಗಳಿಸಿದ್ದು ಉಳಿಯುತ್ತದೆ.

ಅವನ ಮಾತಿನಲ್ಲಿ ದಣಿವಿಗಿಂತ ಹತಾಶೆ ಹೆಚ್ಚು ಕಂಡರೆ, ನಿದ್ದೆ ಊಟ ತಪ್ಪಿದ್ದರೆ, ಕ್ಯಾಲೆಂಡರ್ ಆಮೇಲೆ ನೋಡಿದರಾಯಿತು. ತರಬೇತಿ ಕೊಡುವ ಪ್ರತಿ ಸಂಸ್ಥೆಯಲ್ಲೂ ಅಪ್ರೆಂಟಿಸ್‌ಗಳ ಸುರಕ್ಷತೆಯ (ಸೇಫ್‌ಗಾರ್ಡಿಂಗ್) ಹೊಣೆ ಹೊತ್ತ ಒಬ್ಬರಿರುತ್ತಾರೆ, ಅವರ ನಂಬರ್ ಸಾಮಾನ್ಯವಾಗಿ ಅಪ್ರೆಂಟಿಸ್ ಕೈಪಿಡಿಯಲ್ಲಿರುತ್ತದೆ. ಅವನ ಪಕ್ಕದಲ್ಲೇ ಕುಳಿತು, ಅವನ ಫೋನಿನಿಂದಲೇ ಆ ಕರೆ ಮಾಡಿಸಿ.